ರೊಟ್ಟಿ, ಹೊಲ, ಕಟ್ಟೆ

ನಮ್ಮೂರು ತುಬಚಿಯಲ್ಲಿ ನಾವು ಬೆಳೆಯುವಾಗ ಆರೋಗ್ಯದ ಮಾತು ಬರುತ್ತಿದ್ದದ್ದು ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ. ಗಟ್ಟಿಮುಟ್ಟಾಗಿದ್ದವರಿಗೆ ಅದರ ಗೊಡವೆಯೇ ಇರಲಿಲ್ಲ. ಆದರೂ ಇಳಿವಯಸ್ಸಿನಲ್ಲಿ ಕೋಲಿಲ್ಲದೆ ಹೊಲಕ್ಕೆ ಹೋಗಿಬರುವ ಮುದುಕರು ಓಣಿಗೊಬ್ಬರಾದರೂ ಸಿಗುತ್ತಿದ್ದರು.

ಆಗ ಜೋಳ ಗಿರಣಿಗೆ ಹೋಗುತ್ತಿತ್ತು. ಬೇಳೆ, ನುಚ್ಚು ಒಡೆಯುವುದು ಮಾತ್ರ ಮನೆಯ ಬೀಸುಕಲ್ಲಿನಲ್ಲೇ. ಅಜ್ಜಿ ಒಂದು ಕಡೆ, ಅವ್ವ ಇನ್ನೊಂದು ಕಡೆ ಕೂತು ಗೂಟ ಹಿಡಿದರೆ ಹಾಡು ತಾನಾಗಿ ಬರುತ್ತಿತ್ತು. ನಾವು ಬೇವಿನ ಕಡ್ಡಿ ಕಚ್ಚಿಕೊಂಡು ಗೆಳೆಯರ ಹಿಂಡು ಕಟ್ಟಿಕೊಂಡು ಎರಿ ಹೊಲದ ದಾರಿ ಹಿಡಿಯುತ್ತಿದ್ದೆವು. ಅಪ್ಪನ ಬುತ್ತಿ ಮುಟ್ಟಿಸಿ ಬಂದರೆ ನಮ್ಮ ಹೊಟ್ಟೆಯೂ ಕೂಗುತ್ತಿತ್ತು.

ಅಷ್ಟೊತ್ತಿಗೆ ಒಲೆಯ ಮುಂದೆ ರೊಟ್ಟಿಯ ಸಪ್ಪಳ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಸುರಿದು ನಾದಿದರೇನೇ ಅದು ಕೂಡಿಕೊಳ್ಳೋದು. ಅವ್ವ ತಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಕೆಂಡಕ್ಕೆ ಮುಖ ಮಾಡಿ ನಿಲ್ಲಿಸಿದಳೆಂದರೆ ರೊಟ್ಟಿ ಉಬ್ಬುತ್ತಿತ್ತು. ಜೊತೆಗೆ ಪುಂಡಿಪಲ್ಯ, ಇಲ್ಲವೇ ಮಡಕಿಕಾಳು. ಗುರೆಳ್ಳು ಹಿಂಡಿ, ಅಗಸಿ ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಕೊನೆಗೆ ಮಜ್ಜಿಗೆ. ನಾರು, ಕಾಳು, ಸೊಪ್ಪು, ಒಳ್ಳೆಯ ಎಣ್ಣೆ ಎಂದು ಇಂದು ವೈದ್ಯರು ಬರೆದುಕೊಡುವುದೆಲ್ಲ ಆ ಗಂಗಾಳದಲ್ಲೇ ಇತ್ತು.

"ಇನ್ನೊಂದ್ ರೊಟ್ಟಿ ಹಿಡಸ್ತದ ಅನ್ನೂವಾಗ ಏಳೋ ತಮ್ಮಾ," ಅನ್ನುತ್ತಿದ್ದಳು ಅಜ್ಜಿ. ಶ್ರಾವಣ ಸೋಮವಾರ ಅವಳದು ಒಪ್ಪತ್ತು. ಸಂಜೆ ಊಟವಾದ ಮೇಲೆ ಹಿರಿಯರು ಕಟ್ಟೆಗೆ ಬರುತ್ತಿದ್ದರು. ಒಬ್ಬರು ಬರಲಿಲ್ಲವೆಂದರೆ ಇನ್ನೊಬ್ಬರು ಮನೆಗೇ ಹೋಗಿ ವಿಚಾರಿಸಬೇಕು. ಒಂಟಿಯಾಗಿರಲು ಯಾರಿಗೂ ಪುರಸೊತ್ತೇ ಇರಲಿಲ್ಲ.

ಎಲ್ಲವೂ ಚಂದವಿತ್ತು ಅಂತಲ್ಲ. ಅದೇ ಕಟ್ಟೆಯ ಮೇಲೆ ತಂಬಾಕಿನ ಚಂಚಿಯೂ ಕೈಯಿಂದ ಕೈಗೆ ದಾಟುತ್ತಿತ್ತು. ಹೊಳೆಯ ನೀರು ಕುದಿಸದೆ ಕುಡಿದು ಭೇದಿಗೆ ಬಿದ್ದವರಿದ್ದರು. ಲಸಿಕೆ, ಆಸ್ಪತ್ರೆಯ ಹೆರಿಗೆ ಬಂದದ್ದು ಒಳ್ಳೆಯದೇ ಆಯಿತು.

1989ರಲ್ಲಿ ನಮ್ಮ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಮ್ಮದೇ ದುಡ್ಡು, ತಮ್ಮದೇ ಶ್ರಮ ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಸಿಕ್ಕ ಈ ಸೀಮೆಯಲ್ಲಿ ಕಬ್ಬು ನಿಂತಿತು, ಕೈಯಲ್ಲಿ ರೊಕ್ಕ ಆಡಿತು. ಹಿಂಗಾರಿ ಬಿಳಿಜೋಳ ಹಿಂದೆ ಸರಿಯಿತು, ಹೊಲಕ್ಕೆ ಬೈಕು ಬಂತು. ಈಗ ನಮ್ಮ ಗೆಳೆಯರ ಮಾತು ಸಕ್ಕರೆ ಕಾಯಿಲೆಯಿಂದ ಶುರುವಾಗಿ ಬಿಪಿ ಗುಳಿಗೆಗೆ ಮುಗಿಯುತ್ತದೆ. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ನಾವು ನಕ್ಕೆವು: ನಮ್ಮ ಜೋಳದ ರೊಟ್ಟಿಗೆ ಊರೂರು ಸುತ್ತಿ ಬಂದ ಮೇಲೆ ಮರ್ಯಾದೆ!

ಹಿರಿಯರು ಆರೋಗ್ಯಕ್ಕೆಂದು ಹಟ ಹಿಡಿದು ಯಾವ ವ್ರತವನ್ನೂ ಮಾಡಲಿಲ್ಲ; ದುಡಿಮೆ ನಡೆಸಿತು, ನೆರೆಹೊರೆ ಮಾತಾಡಿಸಿತು, ಬಡತನ ಮಿತವಾಗಿ ಉಣ್ಣಿಸಿತು. ಆ ಬಡತನ ಯಾರಿಗೂ ಬೇಡ. ಉಳಿದೆರಡನ್ನು ನಾವೇ ಬೇಕೆಂದು ಉಳಿಸಿಕೊಳ್ಳಬೇಕು. ಆದ್ದರಿಂದ ಗೆಳೆಯರೇ, ಮುಂದಿನ ಸಲ ಊರಿಗೆ ಬಂದಾಗ ಬೈಕಿನ ಕೀಲಿ ಮನೆಯಲ್ಲೇ ಬಿಡಿ. ಬುತ್ತಿ ನಾನು ತರುತ್ತೇನೆ, ಹೊಲಕ್ಕೆ ನಡೆದೇ ಹೋಗೋಣ.