ಅಪ್ಪನ ಬೆರಳು ಮತ್ತು ಒಂದು ಅಪ್‌ಡೇಟು

"ಬೆರಳು ಮೊದಲಿನ ಹಾಗಿಲ್ಲ ಮಾರಾಯ. ಒಂದಕ್ಷರ ಒತ್ತಿದ್ರೆ ಎರಡು ಬೀಳ್ತದೆ" ಎಂದು ಅಪ್ಪ ಫೋನಿನಲ್ಲಿ ಹೇಳಿದ್ದು ದೀಪಾವಳಿ ಕಳೆದ ವಾರ. 74 ವರ್ಷದವರು ಹಾಗೆ ಹೇಳಿದರೆ ನಂಬದಿರಲು ಕಾರಣವೇನು? "ಸ್ವಲ್ಪ ದಿನ ಬಿಟ್ಟುಬಿಡಿ, ಅವಸರ ಏನಿದೆ" ಎಂದು ಉಪದೇಶ ಮಾಡಿ ಫೋನಿಟ್ಟೆ.

ಅಪ್ಪ ನಿವೃತ್ತ ಮೇಷ್ಟರು. ಸಾಗರದ ಮನೆಯ ಜಗುಲಿಯಲ್ಲಿ ಕೂತು ನಾಲ್ಕು ವರ್ಷಗಳಿಂದ ತಮ್ಮ ಬಾಲ್ಯದ ಕಥೆ ಬರೆಯುತ್ತಿದ್ದಾರೆ, ನಾನು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ. ನುಡಿ ಕೀಲಿಮಣೆಯನ್ನು ಎರಡೇ ವಾರದಲ್ಲಿ ಕಲಿತಿದ್ದರು. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಒತ್ತಬೇಕು ಎಂದಾಗ ಮಾತ್ರ "ಕನ್ನಡದ ಒತ್ತಿಗೂ ಇಂಗ್ಲಿಷಿನವನ ಶಿಫಾರಸು ಬೇಕಾ?" ಎಂದು ನಕ್ಕಿದ್ದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಶರಾವತಿ ನಿಂತಾಗ ಅಪ್ಪನಿಗೆ ಹದಿನಾಲ್ಕು. ಮನೆಯ ತೊಲೆ, ಬಾಗಿಲು ಕಿತ್ತು ಗಾಡಿಗೆ ಹೇರಿದ ದಿನದ ಅಧ್ಯಾಯಕ್ಕೆ ಬಂದು ಬರವಣಿಗೆ ನಿಂತಿತ್ತು. ಸಾಹಿತ್ಯ ಓದಿಕೊಂಡವನ ಚಾಳಿ ನೋಡಿ, ನಾನು ಅದಕ್ಕೊಂದು ದೊಡ್ಡ ಅರ್ಥ ಕಟ್ಟಿಕೊಂಡೆ. ಅರವತ್ತು ವರ್ಷದ ಹಿಂದಿನ ದುಃಖ ಕೈ ಹಿಡಿದಿದೆ ಎಂದು ಗೆಳೆಯರ ಮುಂದೆ ಹೇಳಿಯೂ ಬಿಟ್ಟೆ. ಆಮೇಲೊಂದು ದಿನ ಅಮ್ಮ ದನಿ ತಗ್ಗಿಸಿ ಹೇಳಿದಳು: "ನಿನ್ನ ಹತ್ರ ಹೇಳ್ಬೇಡ ಅಂದಿದಾರೆ. ಕೈ ನಡುಗೋ ಕಾಯಿಲೆ ಶುರುವಾಯ್ತಾ ಅಂತ ಡಾಕ್ಟರಿಗೆ ತೋರಿಸ್ಕೊಂಡು ಬಂದ್ರು." ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ, ಬೆರಳು ಮಡಿಸಿ ಬಿಡಿಸಿ ನೋಡಿ, ಏನೂ ಇಲ್ಲ ಎಂದಿದ್ದರಂತೆ. ಅಪ್ಪ ನಂಬಿರಲಿಲ್ಲ.

ಸಂಕ್ರಾಂತಿಗೆ ಹೋದಾಗ ಲ್ಯಾಪ್‌ಟಾಪು ಹಳೆಯ ಪಂಚೆಯ ತುಂಡು ಹೊದ್ದು ಕಪಾಟಿನ ಮೇಲಿತ್ತು. ಯಾವುದೋ ಬಿಲ್ಲು ಕಟ್ಟಲೆಂದು ಇಳಿಸಿಕೊಂಡೆ. ಅದು ಎದ್ದು ಕೂರಲು ಏಳು ನಿಮಿಷ ಬೇಕಾಯಿತು. ಸುಮ್ಮನೆ 'ಮನೆ' ಎಂದು ಒತ್ತಿದೆ. ಪರದೆ ಖಾಲಿ. ಮತ್ತೆ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು 'ಮನೆಮನೆ' ಎಂದು ಒಟ್ಟಿಗೇ ಬಿತ್ತು. ನನ್ನ ಬೆರಳಿಗಂತೂ 74 ಆಗಿರಲಿಲ್ಲ.

ಆಗ ದಸರೆಯ ನೆನಪಾಯಿತು. ಪರದೆಯ ಮೂಲೆಯಲ್ಲಿ ಅಪ್‌ಡೇಟಿನ ಸೂಚನೆ ಬಂದಿತ್ತು. "ಈಗ ಸರಿಯಾಗೇ ಇದ್ಯಲ್ಲ, ಅದು ಬೇಕಾ?" ಎಂದು ಅಪ್ಪ ಕೇಳಿದ್ದರು. ಸುರಕ್ಷತೆಗೆ ಬೇಕು ಎಂದು ನಾನೇ ಒತ್ತಿದ್ದೆ. ಹೇಳಿದ್ದು ಸುಳ್ಳಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬುದು ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತಲ್ಲ, ಅದಕ್ಕೆ ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಎರಡು ತಿಂಗಳ ಮೊದಲೇ ಬಂದಿದ್ದ ಅಪ್‌ಡೇಟನ್ನು ಹಾಕಿಕೊಳ್ಳದವು. ಆದರೆ ನಾನು ಒತ್ತಿದ್ದು ಅಂಥ ತೂತು ಮುಚ್ಚುವ ಸಣ್ಣ ತೇಪೆಯಲ್ಲ, ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಕ್ಕೆ ಏರಿಸುವಂಥದ್ದು. ಹೊರುವ ಬೆನ್ನು ಎಂಥದ್ದೆಂದು ನೋಡಿರಲಿಲ್ಲ.

4 ಜಿಬಿ ರ‍್ಯಾಮು, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕು ನೂರಕ್ಕೆ ನೂರು ದುಡಿಯುತ್ತಿತ್ತು. ಹೊಸ ವ್ಯವಸ್ಥೆ ನಮ್ಮನ್ನು ಕೇಳದೆ ಹಿಂದೆಯೇ ಹತ್ತು ಕೆಲಸ ಮಾಡುತ್ತದೆ. ಫೈಲುಗಳ ಪಟ್ಟಿ ಬರೆದಿಡುವುದು, ವೈರಸ್ ಹುಡುಕುವುದು, ಮುಂದಿನ ಅಪ್‌ಡೇಟು ಇಳಿಸಿಕೊಳ್ಳುವುದು. ರ‍್ಯಾಮಿನಲ್ಲಿ ಜಾಗ ಸಾಲದಾದಾಗ ಅಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ಸಣ್ಣ ಅಡುಗೆಮನೆಯಲ್ಲಿ ಮದುವೆ ಊಟ ಮಾಡಲು ಹೊರಟು, ಒಂದೊಂದು ಪಾತ್ರೆಗೂ ಅಟ್ಟ ಹತ್ತಿ ಇಳಿದ ಹಾಗೆ. ಒತ್ತಿದ ಅಕ್ಷರಗಳು ಕಳೆದುಹೋಗುವುದಿಲ್ಲ, ಸರದಿಯಲ್ಲಿ ಕಾಯುತ್ತಿರುತ್ತವೆ. ಬೀಳಲಿಲ್ಲವೆಂದು ಅಪ್ಪ ಮತ್ತೆ ಒತ್ತುತ್ತಿದ್ದರು. (ಯಂತ್ರಗಳು ವೇಗವಾಗುವುದಕ್ಕಿಂತ ಬೇಗ ತಂತ್ರಾಂಶಗಳು ನಿಧಾನವಾಗುತ್ತಿವೆ ಎಂದು ಪ್ಯಾಸ್ಕಲ್ ಭಾಷೆ ರೂಪಿಸಿದ ನಿಕ್ಲಾಸ್ ವಿರ್ತ್ 1995ರಲ್ಲೇ ಗೊಣಗಿದ್ದರು. ಗೊಣಗಿದ್ದು ಯಾರಿಗೂ ಕೇಳಿಸಿದ ಹಾಗಿಲ್ಲ.)

"ಕಂಪ್ಯೂಟರೇ ನಿಧಾನ ಆಗಿದೆ ಅಂತ ಅನುಮಾನ ಬರ್ಲಿಲ್ವಾ ಅಪ್ಪ?" ಎಂದು ಕೇಳಿದೆ.

"ಹ್ಯಾಗೆ ಬರ್ತದೆ? ನೀನೇ ಸರಿ ಮಾಡಿ ಹೋಗಿದ್ಯಲ್ಲ."

ಆ ಮಾತು ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. ಮೂರು ತಿಂಗಳು ಒಬ್ಬ ಮನುಷ್ಯ ತನ್ನ ಕೈಯನ್ನೇ ಶಂಕಿಸಿಕೊಂಡು ಕೂತಿದ್ದ.

ಮಾರನೆಯ ದಿನ ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಹಿಂಬದಿ ಬಿಚ್ಚಿ, ತಿರುಗುವ ಡಿಸ್ಕು ತೆಗೆದು ಎಸ್‌ಎಸ್‌ಡಿ ಕೂರಿಸಿದ, ಇನ್ನೊಂದು 4 ಜಿಬಿ ರ‍್ಯಾಮು ಸೇರಿಸಿದ. ಅಪ್ಪನ ಫೈಲುಗಳನ್ನು ನಾನು ಎರಡು ಸಲ ಎಣಿಸಿ ನಕಲು ಮಾಡಿಕೊಂಡೆ. ಸಂಜೆಗೆ ಮನೆಗೆ ಬಂತು.

ಅಪ್ಪ ಕನ್ನಡಕ ಒರೆಸಿ ಕೂತರು. ಒಂದು ಅಕ್ಷರ ಒತ್ತಿದರು, ಬಿತ್ತು. ಇನ್ನೊಂದು, ಅದೂ ಬಿತ್ತು. ಕೀಲಿಮಣೆ ಬಿಟ್ಟು ಎರಡೂ ಕೈಯನ್ನು ಡಾಕ್ಟರ ಮುಂದೆ ಚಾಚಿದಂತೆ ಚಾಚಿ ನೋಡಿಕೊಂಡರು. ಆಮೇಲೆ ಹಳೆಯ ಫೈಲು ತೆರೆದರು. ಕೊನೆಯ ಸಾಲು ಹಾಗೇ ಇತ್ತು: 'ಬಾಗಿಲುಬಾಗಿಲು ಕಿತ್ತರು'. ಹೆಚ್ಚಿನದೊಂದು ಬಾಗಿಲನ್ನು ಅಳಿಸೋಣವೆಂದು ನಾನು ಕೈ ಚಾಚಿದೆ.

"ನಾನು ನೋಡ್ಕೋತೀನಿ. ನೀನು ಏನೂ ಒತ್ಬೇಡ" ಎಂದರು ಅಪ್ಪ.