ಮರಗಟ್ಟುವುದು ಬೇರೆ, ಮಂಪರು ಬೇರೆ

ಗಡಹಿಂಗ್ಲಜ



ನಿಮ್ಮ ಪತ್ರ ಬಂದು ಎರಡು ದಿನವಾಯಿತು. ಓದಿದ ಕೂಡಲೇ ಉತ್ತರ ಬರೆಯಲು ಕೂತವಳು, ಅವಸರದಲ್ಲಿ ಬರೆಯುವ ವಿಷಯ ಇದಲ್ಲ ಎನ್ನಿಸಿ ಎದ್ದೆ. ಎಡಗಡೆಯ ದವಡೆಹಲ್ಲು ನೋಯಲು ಹತ್ತಿ ನಾಲ್ಕು ತಿಂಗಳಾಯಿತು, ಬಲಗಡೆಯಲ್ಲೇ ಜಗಿಯುತ್ತೀರಿ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೀರಿ. ಇಚಲಕರಂಜಿಯಲ್ಲಿ ಹಲ್ಲಿನ ದವಾಖಾನೆಯ ಮೆಟ್ಟಿಲ ತನಕ ಎರಡು ಸಲ ಹೋಗಿ ತಿರುಗಿ ಬಂದಿದ್ದೀರಿ. ಕಡೆಯಲ್ಲಿ ಒಂದು ಸಾಲು: "ಭೂಲ ಕೊಟ್ಟು ಎಲ್ಲಾ ಮುಗಿಸತಾರಂತ. ಭೂಲ ಕೊಟ್ಟಮ್ಯಾಲ ಎಚ್ಚರಾಗಲಿಲ್ಲಂದರ ಹೆಂಗ್ರಿ?"

ಆ ಸಾಲಿನಲ್ಲೇ ನಿಮ್ಮ ಅರ್ಧ ಅಂಜಿಕೆ ಇದೆ. ನಮ್ಮ ಗಡಿಭಾಗದಲ್ಲಿ ಮರಾಠಿಯಿಂದ ಬಂದ ಈ ‘ಭೂಲ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ. ವಸಡಿಗೆ ಚುಚ್ಚುವ ಸೂಜಿಯೂ ಭೂಲ, ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಕೊಡುವುದೂ ಭೂಲ, ಹೊಟ್ಟೆಯ ಆಪರೇಷನ್ನಿಗೆ ಪೂರ್ತಿ ಎಚ್ಚರ ತಪ್ಪಿಸುವುದೂ ಭೂಲ. ಹೀಗಾಗಿ ಒಂದು ಹಲ್ಲಿಗೆ ಕೊಡುವ ಔಷಧದ ಮೇಲೆ ದೊಡ್ಡ ಆಪರೇಷನ್ನಿನ ಭಯವೆಲ್ಲ ಬಂದು ಕೂರುತ್ತದೆ. ಕನ್ನಡದಲ್ಲಿ ನಮಗೆ ಬೇರೆ ಬೇರೆ ಮಾತುಗಳಿವೆ. ಮರಗಟ್ಟುವುದು ಬೇರೆ, ಮಂಪರು ಬೇರೆ, ಎಚ್ಚರ ತಪ್ಪುವುದು ಬೇರೆ. ಇವನ್ನು ಬಿಡಿಸಿ ಹೇಳಲೆಂದೇ ಈ ಪತ್ರ.

ನಾನೇನು ಡಾಕ್ಟರಲ್ಲ. ಆದರೆ ಆ ಮೆಟ್ಟಿಲಿಂದ ಬಹಳ ವರ್ಷ ತಿರುಗಿ ಬಂದವಳು. ನಾನು ಬೆಳೆದದ್ದು ನಿಮ್ಮೂರಿನ ಮಗ್ಗದ ಓಣಿಯಲ್ಲಿ. ಶಟಲ್ಲಿನ ಸದ್ದಿನಲ್ಲಿ ನಿದ್ದೆ ಬರುತ್ತಿತ್ತು, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರಾಗುತ್ತಿತ್ತು. ಅಂಥವಳಿಗೆ ಹಲ್ಲು ಕೊರೆಯುವ ಯಂತ್ರದ ಸಣ್ಣ ದನಿ ಕೇಳಿದರೆ ಅಂಗೈ ಬೆವರುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಒಂದು ಕಡೆ ಹಲ್ಲು ಕಿತ್ತರು. "ಏನೂ ಆಗೂದಿಲ್ಲ" ಎನ್ನುತ್ತ ಒಬ್ಬರು ಕೈ ಹಿಡಿದರು, ಇನ್ನೊಬ್ಬರು ತಲೆ ಹಿಡಿದರು. ಮರಗಟ್ಟುವ ಮೊದಲೇ ಇಕ್ಕಳ ಬಾಯಿಗೆ ಬಂತು. ಆ ದಿನದ ನೋವು ಸಂಜೆಗೇ ಹೋಯಿತು. ಹಿಡಿದ ಆ ಕೈಗಳು ಮಾತ್ರ ಇಪ್ಪತ್ತು ವರ್ಷ ಬಿಡಲಿಲ್ಲ.

ಅವ್ವನದು ಇನ್ನೊಂದು ದಾರಿ. ಹಲ್ಲು ನೋಯಲು ಹತ್ತಿತೆಂದರೆ ತಂಬಾಕು ಸುಟ್ಟು ಪುಡಿ ಮಾಡಿ ಮಿಶ್ರಿ ಹಚ್ಚುತ್ತಿದ್ದಳು. ನಿಪ್ಪಾಣಿಯ ತಂಬಾಕು ಅಷ್ಟು ಸಮೀಪ. ನಮ್ಮ ಕಡೆ ಎಷ್ಟು ಮಂದಿ ಹೆಣ್ಣುಮಕ್ಕಳು ಹೀಗೆ ನೋವಿಗೆಂದು ಹಚ್ಚಿಕೊಂಡು ಚಟಕ್ಕೆ ಬಿದ್ದರೋ! ತಂಬಾಕು ವಸಡನ್ನು ತಿನ್ನುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ನೀವು ಲವಂಗದೆಣ್ಣೆಯಲ್ಲಿ ನಿಲ್ಲಿಸಿದ್ದೀರಿ ಎಂದು ಓದಿ ಸಮಾಧಾನವಾಯಿತು. ಮಿಶ್ರಿಯ ಡಬ್ಬಿ ಮಾತ್ರ ಮನೆಯೊಳಗೆ ತರಬೇಡಿ.

ಈಗ ಸೂಜಿಯ ವಿಷಯ. ವಸಡಿಗೆ ಕೊಡುವ ಔಷಧ ಬಹುಮಟ್ಟಿಗೆ ಲಿಗ್ನೊಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ಅದು ಆ ಜಾಗದ ನರದಲ್ಲಿ ನೋವಿನ ಸುದ್ದಿ ಮುಂದೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಎಚ್ಚರಕ್ಕೂ ಅದಕ್ಕೂ ಸಂಬಂಧವಿಲ್ಲ. ನೋವು ಹೋದರೂ ಒತ್ತಿದ್ದು, ಎಳೆದದ್ದು ತಿಳಿಯುತ್ತದೆ, ಸದ್ದೂ ಕೇಳುತ್ತದೆ. ಹೆದರಿದ ಮನಸ್ಸು ಆ ಒತ್ತಡವನ್ನೇ ನೋವು ಎಂದು ತಿಳಿಯುತ್ತದೆ. ಔಷಧ ಬೇಗ ಹರಡಿ ಹೋಗದಿರಲೆಂದು ಅದರಲ್ಲಿ ಸ್ವಲ್ಪ ಅಡ್ರಿನಲಿನ್ ಸೇರಿಸಿರುತ್ತಾರೆ. ಅದರಿಂದ ಕೆಲವರಿಗೆ ಒಂದೆರಡು ನಿಮಿಷ ಎದೆ ಡವಡವ ಎನ್ನುತ್ತದೆ. ನನಗೂ ಹಾಗಾಗಿ, ಜೀವ ಹೋಗುತ್ತದೆ ಎಂದುಕೊಂಡಿದ್ದೆ. ಕಾರಣ ಮೊದಲೇ ಯಾರಾದರೂ ಹೇಳಿದ್ದರೆ! ನಿಮಗೆ ಬಿಪಿ ಗುಳಿಗೆ ನಡೆದಿದೆಯಲ್ಲ, ಅದನ್ನು ತಪ್ಪದೆ ಡಾಕ್ಟರಿಗೆ ಹೇಳಿ.

"ನಮ್ಮ ಅಕ್ಕಗ ಭೂಲ ಹತ್ತಲೇ ಇಲ್ಲ" ಎಂದೂ ಬರೆದಿದ್ದೀರಿ. ಅದು ನಿಜ ಇರಬಹುದು. ಹಲ್ಲಿನ ಬೇರಿನಲ್ಲಿ ಕೀವು ತುಂಬಿ ಕೆನ್ನೆ ಊದಿದಾಗ ಆ ಜಾಗ ಆಮ್ಲೀಯವಾಗುತ್ತದೆ, ಔಷಧ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಅಂಜಿಕೆಯಿಂದ ತಡ ಮಾಡುತ್ತೇವೆ, ತಡವಾದಷ್ಟು ಕೀವು, ಕೀವಾದಷ್ಟು ಮರಗಟ್ಟುವುದು ಕಡಿಮೆ, ಕುರ್ಚಿಯಲ್ಲಿ ನೋವಾಗುತ್ತದೆ, ಮನೆಗೆ ಬಂದು ಊರಿಗೆಲ್ಲ ಅದನ್ನೇ ಹೇಳುತ್ತೇವೆ. ನಿಮ್ಮ ಅಕ್ಕ ಕೆನ್ನೆ ಊದಿದ ಮೇಲೆ ಹೋದವರು. ನಿಮ್ಮದಿನ್ನೂ ಊದಿಲ್ಲ. ಈಗಲೇ ಹೋಗಿ ಎಂದು ಒತ್ತಾಯ ಮಾಡುವುದು ಇದಕ್ಕೇ.

ಮಂಪರು ಎನ್ನುವುದು ಮರಗಟ್ಟುವುದರ ಮೇಲಿನ ಮಾತು. ಅದು ಮುಖ್ಯವಾಗಿ ಶಮನ ಮಾಡುವುದು ನೋವನ್ನಲ್ಲ, ಅಂಜಿಕೆಯನ್ನು. ಮಂಪರು ಕೊಟ್ಟರೂ ವಸಡಿಗೆ ಸೂಜಿ ಬೇಕೇ ಬೇಕು. ಮನಸ್ಸು ಸಡಿಲಾದ ಮೇಲೆ, ವಸಡಿಗೆ ಮರಗಟ್ಟುವ ಜೆಲ್ ಸವರಿ ಚುಚ್ಚಿದರೆ ಅದು ದೊಡ್ಡದೆನ್ನಿಸುವುದಿಲ್ಲ.

ನನಗೆ ಕೊಟ್ಟದ್ದು ಗ್ಯಾಸು. ಕೊಲ್ಹಾಪುರದ ಒಬ್ಬ ಡಾಕ್ಟರಬಾಯಿ ನನ್ನ ಬಾಯಿ ತೆರೆಸುವ ಮೊದಲು ಎದುರು ಕೂತು "ಕಶಾಚೀ ಭೀತಿ ವಾಟತೇ?" ಎಂದು ಕೇಳಿದರು. ಯಾವುದಕ್ಕೆ ಅಂಜಿಕೆ ಎಂದು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಮಾತು ಬಾರದೆ ಕಣ್ಣೀರು ಬಂತು. ಅವರು ಕಾದರು. ಐದು ಪ್ರಶ್ನೆ ಕೇಳಿದರು: ನಾಳೆ ಇಲ್ಲಿಗೆ ಬರುವುದಿದೆ ಎಂದರೆ ಹೇಗನಿಸುತ್ತದೆ, ಹೊರಗೆ ಕಾಯುವಾಗ, ಹಲ್ಲು ಕೊರೆಯುವಾಗ, ಹಲ್ಲು ಸ್ವಚ್ಛ ಮಾಡುವಾಗ, ವಸಡಿಗೆ ಸೂಜಿ ಚುಚ್ಚುವಾಗ ಹೇಗನಿಸುತ್ತದೆ. ಒಂದೊಂದಕ್ಕೆ 1ರಿಂದ 5 ಅಂಕ. 1995ರಲ್ಲಿ ಬ್ರಿಟನ್ನಿನ ಜೆರಿ ಹಂಫ್ರಿಸ್ ಮತ್ತು ಜೊತೆಗಾರರು ಮಾಡಿದ ಅಳತೆಗೋಲು ಅದು. ಒಟ್ಟು 25ರಲ್ಲಿ 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಂಜಿಕೆ ತೀವ್ರ ಎಂದು ಲೆಕ್ಕ. ನನಗೆ 23 ಬಂತು. "ಹೇಳಿದ್ದು ಛಲೋ ಆತು, ಇನ್ನ ನಿಮಗ ತಕ್ಕಂಗ ಮಾಡೂಣು" ಎಂದು ಅವರು ಕನ್ನಡದಲ್ಲೇ ಅಂದಾಗ ನನಗಾದ ಹಗುರ ಇಂದಿಗೂ ನೆನಪಿದೆ.

ಮೂಗಿನ ಮೇಲೆ ಮೆತ್ತನೆಯ ಸಣ್ಣ ಕವಚ ಇಟ್ಟರು. ಮೊದಲು ಬರೀ ಆಕ್ಸಿಜನ್, ಆಮೇಲೆ ತುಸುತುಸುವೇ ನೈಟ್ರಸ್ ಆಕ್ಸೈಡ್. ಮೂರ್ನಾಲ್ಕು ನಿಮಿಷದಲ್ಲಿ ಬೆರಳ ತುದಿ ಜುಮ್ಮೆಂದವು, ಪಾದ ಬೆಚ್ಚಗಾದವು, ಬಿಗಿದ ಹೆಗಲು ತಾನಾಗಿ ಇಳಿಯಿತು. ಕೊರೆಯುವ ಸದ್ದು ಕೇಳುತ್ತಿತ್ತು, ಆದರೆ ಪಕ್ಕದ ಓಣಿಯಲ್ಲಿ ಯಾರದೋ ಮಗ್ಗ ನಡೆದ ಹಾಗೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಬಾಯಿ ತೆರೆ ಎಂದರೆ ತೆರೆದೆ. ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂದು ಮೊದಲೇ ಮಾತಾಗಿತ್ತು. ಪರೀಕ್ಷೆ ಮಾಡಲೆಂದೇ ಒಮ್ಮೆ ಎತ್ತಿದೆ. ನಿಲ್ಲಿಸಿದರು. ಕೈ ಎತ್ತಲು ಕನ್ನಡವೂ ಬೇಡ, ಮರಾಠಿಯೂ ಬೇಡ ಗೆಳತಿ. ನೀವು ಯಾವ ದವಾಖಾನೆಗೆ ಹೋದರೂ ಈ ಒಪ್ಪಂದ ಮೊದಲು ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಐದು ನಿಮಿಷ ಮತ್ತೆ ಬರೀ ಆಕ್ಸಿಜನ್ ಕೊಟ್ಟರು. ಗ್ಯಾಸು ಉಸಿರಿನಲ್ಲೇ ಹೊರಗೆ ಹೋಗಿಬಿಡುತ್ತದೆ.

ಇದು ಹೊಸ ಔಷಧವಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಲ್ಲಿ 1844ರ ಡಿಸೆಂಬರಿನಲ್ಲಿ ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯ ಈ ಗ್ಯಾಸಿನ ಪ್ರದರ್ಶನವೊಂದಕ್ಕೆ ಹೋಗಿದ್ದ. ಗ್ಯಾಸು ಸೇದಿದವನೊಬ್ಬ ಕಾಲಿಗೆ ಪೆಟ್ಟಾದರೂ ಅರಿಯದೆ ಇದ್ದದ್ದನ್ನು ಕಂಡ. ಮರುದಿನ ತಾನೇ ಕುರ್ಚಿಯಲ್ಲಿ ಕೂತು, ಗ್ಯಾಸು ಸೇದಿ, ಜೊತೆಯ ವೈದ್ಯನಿಂದ ತನ್ನ ಹಲ್ಲು ಕೀಳಿಸಿಕೊಂಡ. ರೋಗಿಗಿಂತ ಮೊದಲು ವೈದ್ಯನೇ ಕೂತ ಈ ಸಂಗತಿ ನನಗೆ ಬಹಳ ಪ್ರೀತಿಯದು. ಅಂದಿನ ಹಾಗೆ ಈಗ ಬರೀ ಗ್ಯಾಸು ಕೊಡುವುದಿಲ್ಲ. ಇಂದಿನ ಯಂತ್ರದಲ್ಲಿ ಆಕ್ಸಿಜನ್ ಶೇ. 30ಕ್ಕಿಂತ ಕೆಳಗೆ ಇಳಿಯದಂತೆ ತಡೆ ಇರುತ್ತದೆ. ನಾವು ದಿನಾ ಉಸಿರಾಡುವ ಗಾಳಿಯಲ್ಲಿರುವುದೇ ಸುಮಾರು ಶೇ. 21. ಆದರೆ ನೆಗಡಿಯಾಗಿ ಮೂಗು ಕಟ್ಟಿದ್ದರೆ ಗ್ಯಾಸು ನಡೆಯುವುದಿಲ್ಲ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಬೇಡ ಎನ್ನುತ್ತಾರೆ. ಎಲ್ಲ ದವಾಖಾನೆಗಳಲ್ಲೂ ಈ ಯಂತ್ರ ಇರುವುದಿಲ್ಲ, ಫೋನಿನಲ್ಲೇ ಕೇಳಿಕೊಳ್ಳಿ. ಹಾತಕಣಂಗಲೆ ತಾಲೂಕಿನ ಹೊಸ ಪಾರಗಾಂವದಲ್ಲಿ ತಾತ್ಯಾಸಾಹೇಬ ಕೋರೆ ಡೆಂಟಲ್ ಕಾಲೇಜಿದೆ, ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಡೆಂಟಲ್ ಕಾಲೇಜಿದೆ. ಅಲ್ಲಿಯೂ ವಿಚಾರಿಸಬಹುದು.

ಗುಳಿಗೆಯ ದಾರಿಯೂ ಇದೆ. ಡಯಾಜೆಪಾಮ್, ಮಿಡಾಜೋಲಾಮ್ ಜಾತಿಯ ಔಷಧ ಮೊದಲೇ ಕೊಟ್ಟು ಕೂರಿಸುತ್ತಾರೆ. ಸರಳ ಅನ್ನಿಸುತ್ತದೆ. ಆದರೆ ಗ್ಯಾಸಿನಂತೆ ಇದನ್ನು ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ, ನುಂಗಿದ್ದು ನುಂಗಿದ್ದೇ. ಒಬ್ಬರಿಗೆ ಏನೂ ಆಗದ ಅಳತೆ ಇನ್ನೊಬ್ಬರನ್ನು ಗಾಢ ನಿದ್ದೆಗೆ ತಳ್ಳಬಹುದು. ನೆರೆಮನೆಯವರು ಕೊಟ್ಟ ನಿದ್ದೆಗುಳಿಗೆ ನುಂಗಿ ಹೋಗುವ ಯೋಚನೆ ಮಾಡಿದ್ದೀರಿ. ಕೈಮುಗಿದು ಹೇಳುತ್ತೇನೆ, ಅದನ್ನು ಮಾಡಬೇಡಿ. ರಾತ್ರಿ ಜೋರು ಗೊರಕೆ ಬರುತ್ತದೆ ಎಂದಿದ್ದಿರಿ. ಗೊರಕೆಯವರಿಗೆ, ವಯಸ್ಸಾದವರಿಗೆ ಇಂಥ ಗುಳಿಗೆಯಿಂದ ಉಸಿರಿಗೇ ತೊಡಕಾಗಬಹುದು.

ಇನ್ನು ರಕ್ತನಾಳಕ್ಕೆ ಕೊಡುವ ಮಂಪರು. ಮಿಡಾಜೋಲಾಮನ್ನು ಹನಿಹನಿಯಾಗಿ ಕೊಡುತ್ತ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ, ಬಿಪಿ ನೋಡುತ್ತಿರುತ್ತಾರೆ. ಮಾತನಾಡಿಸಿದರೆ ಓಗೊಡುತ್ತೇವೆ, ಮನೆಗೆ ಬಂದ ಮೇಲೆ ನಡೆದದ್ದು ಬಹಳಷ್ಟು ನೆನಪಿರುವುದಿಲ್ಲ. ಔಷಧ ಹೆಚ್ಚಾಯಿತೆನಿಸಿದರೆ ಅದರ ಪ್ರಭಾವ ಇಳಿಸುವ ಫ್ಲುಮಾಜೆನಿಲ್ ಇದೆ. ಇಲ್ಲಿ ನೀವು ಸಂಕೋಚ ಬಿಟ್ಟು ಕೇಳಬೇಕಾದದ್ದು ಒಂದೇ: ಹಲ್ಲಿನ ಕೆಲಸ ನಡೆದಾಗ ನನ್ನ ಉಸಿರು ನೋಡುತ್ತ ನಿಲ್ಲುವವರು ಯಾರು? ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಸಾಮಾನ್ಯವಾಗಿ ಆರು ತಾಸು ಊಟ ಬೇಡ, ಎರಡು ತಾಸು ನೀರೂ ಬೇಡ ಎನ್ನುತ್ತಾರೆ. ಆ ದಿನ ಬಿಪಿ ಗುಳಿಗೆ ಯಾವಾಗ ಎಂದು ಅವರನ್ನೇ ಕೇಳಿ.

ಪೂರ್ತಿ ಎಚ್ಚರ ತಪ್ಪಿಸುವುದು ಆಪರೇಷನ್ ಥಿಯೇಟರಿನ ಮಾತು. ಬಾಯಿ ತುಂಬ ಹುಳುಕಾದ ಪುಟ್ಟ ಮಕ್ಕಳು, ಕುರ್ಚಿಯಲ್ಲಿ ಕೂರಲಾಗದ ಬುದ್ಧಿಮಾಂದ್ಯರು, ದವಡೆಯ ದೊಡ್ಡ ಶಸ್ತ್ರಕ್ರಿಯೆ, ಇಂಥದಕ್ಕೆ. ನಿಮ್ಮ ಒಂದು ದವಡೆಹಲ್ಲಿಗೆ ಅದು ಬೇಕಾಗುವ ಸಂಭವ ತೀರ ಕಡಿಮೆ. ನಿಮ್ಮ ಕನಸಿನಲ್ಲಿ ಬರುವ ಭೂಲ ಅದೇ.

ಗುಳಿಗೆ ಕೊಡಲಿ, ರಕ್ತನಾಳಕ್ಕೆ ಕೊಡಲಿ, ಆ ದಿನ ಗಾಡಿ ಹೊಡೆಯಬಾರದು, ಒಲೆಯ ಮುಂದೆ ನಿಲ್ಲಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು. ತುಟಿಯ ಜೋಮು ಇಳಿಯಲು ಎರಡು ಮೂರು ತಾಸು, ಅಲ್ಲಿಯ ತನಕ ಬಿಸಿ ಚಹಾ ಬೇಡ. ಜೊತೆಗೊಬ್ಬರು ಇರಲೇಬೇಕು. ನಿಮ್ಮ ಯಜಮಾನರಿಗೆ ಮಗ್ಗ ಬಿಟ್ಟು ಬರಲು ಆಗುವುದಿಲ್ಲ ಎಂದಿದ್ದೀರಿ. ನಾನು ಬರುತ್ತೇನೆ. ನೀವು ಕೊಲ್ಹಾಪುರದ ಆ ಡಾಕ್ಟರಬಾಯಿಯ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ದಿನ ತಿಳಿಸಿ, ಸಾಕು. ಇಲ್ಲಿಂದ ಬೆಳಗಿನ ಎಸ್.ಟಿ. ಹಿಡಿದು ಕೊಲ್ಹಾಪುರದ ಸಿಬಿಎಸ್ ಸ್ಟ್ಯಾಂಡಿನಲ್ಲಿ ನಿಮ್ಮ ದಾರಿ ನೋಡುತ್ತ ನಿಂತಿರುತ್ತೇನೆ. ತಿರುಗಿ ಹೋಗುವಾಗ ಇಚಲಕರಂಜಿಯ ತನಕ ಬಂದು ನಿಮ್ಮನ್ನು ಮನೆಯೊಳಗೆ ಬಿಟ್ಟೇ ನನ್ನ ಊರಿನ ಬಸ್ಸು ಹತ್ತುತ್ತೇನೆ.

ನಿಮ್ಮ ಗೆಳತಿ