ಬಿಡದ ಒಂದು ಎಳೆ

ಸೋರಿಕೆ ಎಂದೊಡನೆ ಕಣ್ಣಿಗೆ ಕಟ್ಟುವುದು ಒಡಕು ಕೊಡದಿಂದ ಹರಿದುಹೋಗುವ ನೀರು. ಗಣಕಯಂತ್ರದ ‘ಮೆಮೊರಿ ಸೋರಿಕೆ’ ಇದಕ್ಕೆ ವಿರುದ್ಧವಾದುದು. ಅಲ್ಲಿ ಹೋಗಬೇಕಾದುದು ಹೋಗದೆ ಉಳಿದು ಜಾಗವನ್ನೆಲ್ಲ ತುಂಬುತ್ತದೆ. ಇದನ್ನು ನಾವು ಅರಿತದ್ದು ಒಂದು ಮುಂಜಾನೆಯ ಅವಮಾನದಿಂದ.

ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಕಲಿತ ನಾವು ಮೂವರು ಗೆಳೆಯರು ಸೊಲ್ಲಾಪುರದಲ್ಲಿ ಚಿಕ್ಕದೊಂದು ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೇವೆ. ಒಂದು ಆಸ್ಪತ್ರೆಗೆ ಜಾವಾ ಭಾಷೆಯಲ್ಲಿ ತಂತ್ರಾಂಶ ರಚಿಸಿಕೊಟ್ಟಿದ್ದೆವು. ಬಿಲ್ಲು, ಔಷಧ, ಪ್ರಯೋಗಾಲಯ ಒಂದೊಂದಕ್ಕೂ ಪ್ರತ್ಯೇಕ ಮಾಡ್ಯೂಲು. ಸರ್ವರನ್ನು ನಿಲ್ಲಿಸದೆಯೇ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬಹುದೆಂಬುದು ನಮ್ಮ ಹೆಮ್ಮೆಯಾಗಿತ್ತು. ಆದರೆ ಹಲವು ಸಲ ಹೀಗೆ ಮಾಡಿದ ಬಳಿಕ ಸರ್ವರು ಉಸಿರುಗಟ್ಟುತ್ತಿತ್ತು. ಕಾರಣ ಹುಡುಕದೆ ಪ್ರತಿರಾತ್ರಿ ಅದನ್ನು ಮರುಚಾಲನೆ ಮಾಡಿ ಸುಮ್ಮನಾಗುತ್ತಿದ್ದೆವು. 2014ರಲ್ಲಿ ಜಾವಾ 8 ಬಂದು, ‘ಪರ್ಮ್‌ಜೆನ್’ ಎಂಬ ಮಿತವಾದ ಜಾಗದ ಬದಲು ಬೇಕಾದಂತೆ ಬೆಳೆಯಬಲ್ಲ ‘ಮೆಟಾಸ್ಪೇಸ್’ ದೊರೆತಾಗ, ರೋಗವೇ ತೀರಿತೆಂದು ಮರುಚಾಲನೆಯನ್ನೂ ಕೈಬಿಟ್ಟೆವು. ಜಾಗ ಹಿರಿದಾಯಿತು, ದೋಷ ತಡವಾಗಿ ಬಂದಿತು, ಅಷ್ಟೇ.

ಅಂದು ಬಿಲ್ಲಿನ ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಅಕ್ಕಲಕೋಟದ ಕಡೆಯ ಹಿರಿಯರೊಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. “ತಮ್ಮಾ, ಚೀಟಿ ಯಾವಾಗ ಕೊಡ್ತೀರಿ? ಮುದುಕಿನ್ನ ಕರಕೊಂಡು ಹೋಗಬೇಕು, ಬಸ್ಸು ತಪ್ತದ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಬಸ್ಸು ತಪ್ಪಿತು.

ಆ ರಾತ್ರಿ ಸರ್ವರಿನ ಮೆಮೊರಿಯ ನಕಲು ತೆಗೆದು ಪರೀಕ್ಷಿಸಿದೆವು. ಇಳಿಸಿದೆವೆಂದುಕೊಂಡಿದ್ದ ಔಷಧ ಮಾಡ್ಯೂಲಿನ ಹಳೆಯ ಪ್ರತಿಗಳೆಲ್ಲ ಒಳಗೇ ಇದ್ದವು. ಜಾವಾದಲ್ಲಿ ಪ್ರತಿ ಮಾಡ್ಯೂಲನ್ನೂ ಅದರದೇ ‘ಕ್ಲಾಸ್ ಲೋಡರ್’ ಹೊತ್ತು ತರುತ್ತದೆ. ಯಾರೂ ಹಿಡಿದಿರದ ವಸ್ತುವನ್ನು ಮಾತ್ರ ಅಲ್ಲಿಯ ಕಸಗುಡಿಸುವ ವ್ಯವಸ್ಥೆ ತೆಗೆದುಹಾಕುತ್ತದೆ. ದಾಸ್ತಾನು ಎಣಿಸಲೆಂದು ನಾವು ಹುಟ್ಟಿಸಿದ್ದ ಒಂದು ಪುಟ್ಟ ‘ಥ್ರೆಡ್’ ಮಾಡ್ಯೂಲು ಇಳಿದ ಮೇಲೂ ನಿಲ್ಲದೆ ಓಡುತ್ತಿತ್ತು. ಅದು ತನ್ನ ಲೋಡರನ್ನು ಹಿಡಿದಿತ್ತು. ಲೋಡರು ತಾನು ತಂದ ಸಮಸ್ತವನ್ನೂ ಹಿಡಿದಿತ್ತು.

ನಮ್ಮಲ್ಲೊಬ್ಬನ ತಂದೆಯವರು ಸೊಲ್ಲಾಪುರದ ಚಾದರ ಮಗ್ಗದಲ್ಲಿ ದುಡಿದವರು. ಜಕಾರ್ಡ್ ಮಗ್ಗದಲ್ಲಿ ವಿನ್ಯಾಸವಿರುವುದು ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳ ಸರದಲ್ಲಿ. ವಿನ್ಯಾಸ ಬದಲಾದರೆ ಸರವೂ ಬದಲಾಗಬೇಕು. ಗಣಕಯಂತ್ರದ ಪೂರ್ವಜ ಯಂತ್ರವನ್ನು ಕಲ್ಪಿಸಿದ ಚಾರ್ಲ್ಸ್ ಬ್ಯಾಬೇಜನು ರಂಧ್ರಪಟ್ಟಿಯ ಉಪಾಯವನ್ನು ಪಡೆದದ್ದೂ ಈ ಮಗ್ಗದಿಂದಲೇ. ನಮ್ಮ ಕಥೆ ಕೇಳಿ ಅವರು, “ಹೊಸಾ ಸರ ಏರಸೂದು ಎಲ್ಲಾರಿಗೂ ಬರ್ತದ. ಹಳೇದು ಒಂದು ದಾರಕ್ಕ ಸಿಕ್ಕೊಂಡಿದ್ರೂ ಪೂರಾ ಸರ ಅಲ್ಲೇ ಜೋತಾಡ್ತದ, ನೋಡಲಿಲ್ಲೇನು?” ಎಂದರು.

ನೋಡಿರಲಿಲ್ಲ. ಥ್ರೆಡ್ಡನ್ನು ನಿಲ್ಲಿಸುವ ಕೆಲವೇ ಸಾಲುಗಳನ್ನು ಬರೆಯಲು ಹತ್ತು ನಿಮಿಷ ಸಾಕಾಯಿತು. ಈಗ ಯಾವ ಮಾಡ್ಯೂಲನ್ನೇ ಆಗಲಿ, ಆಸ್ಪತ್ರೆಗೆ ಒಯ್ಯುವ ಮೊದಲು ನಮ್ಮಲ್ಲಿಯೇ ಐವತ್ತು ಸಲ ಏರಿಸಿ ಇಳಿಸುತ್ತೇವೆ. ಒಳಗೆ ಎಷ್ಟು ಪ್ರತಿಗಳು ಉಳಿದವೆಂದು ಎಣಿಸುತ್ತೇವೆ. ಒಂದೂ ಉಳಿಯದಿದ್ದರೆ ಮಾತ್ರ ಒಯ್ಯುತ್ತೇವೆ. ಎಣಿಸುವಾಗಲೆಲ್ಲ ಆ ಹಿರಿಯರು ಕೇಳಿದ ಚೀಟಿ ನೆನಪಾಗುತ್ತದೆ.